ಎಂಟು ಜನರ ಅಂಗಡಿಯಲ್ಲಿ ಕೆಲಸ, ಫೆಬ್ರವರಿಗೆ ಹೆರಿಗೆ. ರಜೆ ಕೇಳೋದು ಹೇಗೆ?

ಲೆಕ್ಕದಮ್ಮ
ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದಿಕೊಂಡಿದ್ದೆ. ಇವತ್ತು ಕೇಳಲೇಬೇಕಾಗಿದೆ.

ನಾನು ದಾವಣಗೆರೆಯ ಒಂದು ಜವಳಿ ಅಂಗಡಿಯಲ್ಲಿ ಲೆಕ್ಕ ನೋಡಿಕೊಳ್ಳುತ್ತೇನೆ. ಟ್ಯಾಲಿ, ಜಿಎಸ್‌ಟಿ, ಬ್ಯಾಂಕು, ಸೂರತ್ ಪಾರ್ಟಿಗಳ ಪೇಮೆಂಟು ಎಲ್ಲಾ ನನ್ನ ಕೈಯಲ್ಲೇ. ಐದು ವರ್ಷ ಆಯ್ತು. ಸಂಬಳ 17,500. ಈಗ ನನಗೆ ಹದಿನಾಲ್ಕು ವಾರ. ಡಾಕ್ಟರು ಫೆಬ್ರವರಿ 15 ಅಂತ ಡೇಟು ಕೊಟ್ಟಿದ್ದಾರೆ. ಮೊದಲನೇ ಮಗು. ಮನೆಯವರಿಗೆ, ಅಮ್ಮನಿಗೆ ಬಿಟ್ಟರೆ ಯಾರಿಗೂ ಹೇಳಿಲ್ಲ.

ನಮ್ಮ ಸಾಹುಕಾರ್ರು ಕೆಟ್ಟವರಲ್ಲ. ನನ್ನ ಮದುವೆಗೆ ರೇಷ್ಮೆ ಸೀರೆ ಕೊಟ್ಟವರು. ಆದರೆ ಎರಡು ವರ್ಷದ ಹಿಂದೆ ಸೀರೆ ಸೆಕ್ಷನ್ನಿನ ಹುಡುಗಿಯೊಬ್ಬಳು ಬಸುರಿ ಅಂತ ಹೇಳಿದಾಗ "ಆರಾಮಾಗಿ ಮಗು ನೋಡ್ಕೋಮ್ಮ, ಆಮೇಲೆ ನೋಡೋಣ" ಅಂದರು. ಆ ಆಮೇಲೆ ಬರಲೇ ಇಲ್ಲ. ಅವಳ ಜಾಗಕ್ಕೆ ಬೇರೆಯವಳು ಬಂದಳು.

ನಮ್ಮಲ್ಲಿರೋದು ಎಂಟೇ ಜನ. ಹತ್ತು ಜನ ಇಲ್ಲದಿದ್ದರೆ ಕಾನೂನು ಅನ್ವಯಿಸಲ್ಲ ಅಂತ ಎಲ್ಲೋ ಓದಿದೆ. ಹಾಗಾದರೆ ನನಗೆ ಏನೂ ಸಿಗಲ್ವಾ? ಯಾವಾಗ ಹೇಳಲಿ? ಫೆಬ್ರವರಿಯಿಂದ ಮೇವರೆಗೆ ಮದುವೆ ಸೀಸನ್ನು, ಮಧ್ಯದಲ್ಲಿ ಮಾರ್ಚ್ ಎಂಡಿಂಗು. ಇದಕ್ಕಿಂತ ಕೆಟ್ಟ ಟೈಮೇ ಇಲ್ಲ ಅನಿಸಿಬಿಟ್ಟಿದೆ.

ಮಲ್ಲಿಗೆಮೊಗ್ಗು
ಮೊದಲು ಅಭಿನಂದನೆ ತಂಗಿ! ಮಗು ಮಾರ್ಚ್ ಎಂಡಿಂಗ್ ನೋಡಿಕೊಂಡು ಬರುತ್ತಾ? ಅದನ್ನು ತಲೆಯಿಂದ ತೆಗೆದುಹಾಕು.

ಸುಮ್ನೆ_ಓದುವವ
ಈಗಲೇ ಹೇಳಬೇಡಿ. ಹೊಟ್ಟೆ ಕಾಣುವವರೆಗೂ ಸುಮ್ನಿರಿ. ಬೇಗ ಹೇಳಿದಷ್ಟೂ ಅವರಿಗೆ ಬೇರೆಯವರನ್ನು ಹುಡುಕೋಕೆ ಟೈಮ್ ಜಾಸ್ತಿ ಸಿಗುತ್ತೆ.

ಎರಡುಮಕ್ಕಳಮ್ಮ
@ಸುಮ್ನೆ_ಓದುವವ ದೊಡ್ಡ ಕಂಪನಿಯಲ್ಲಿ ಆ ಉಪಾಯ ನಡೆಯಬಹುದು. ಎಂಟು ಜನರ ಅಂಗಡಿಯಲ್ಲಿ ನಾಲ್ಕು ಸಲ ವಾಂತಿ ಮಾಡಿದರೆ ಗಲ್ಲಾದಲ್ಲಿ ಕೂತವರಿಗೂ ಗೊತ್ತಾಗುತ್ತೆ. ಬೇರೆಯವರ ಬಾಯಿಂದ ಅವರಿಗೆ ಗೊತ್ತಾಗುವ ಮೊದಲು ನೀವೇ ಹೇಳೋದು ಒಳ್ಳೆಯದು. ನಾನು ಹೇಳದೇ ಇದ್ದು, ಕಸ ಗುಡಿಸುವ ಅಮ್ಮ ನಮ್ಮ ಮೇಡಂಗೆ ಹೇಳಿ, "ನನ್ನ ಹತ್ರ ಮುಚ್ಚಿಟ್ಟಳು" ಅಂತ ಮೂರು ತಿಂಗಳು ಮುಖ ಗಂಟು ಹಾಕಿಕೊಂಡಿದ್ದರು.

ಚಲನ್_ಮೂರ್ತಿ
ನಾನು ಸಣ್ಣ ಅಂಗಡಿ, ವರ್ಕ್‌ಶಾಪುಗಳಿಗೆ ಪಿಎಫ್, ಇಎಸ್‌ಐ (ಕೆಲಸದವರ ಸರ್ಕಾರಿ ವಿಮೆ) ಕೆಲಸ ಮಾಡಿಕೊಡುತ್ತೇನೆ. ಹೇಳೋದು ಯಾವಾಗ ಅನ್ನೋದು ಆಮೇಲೆ. ಮೊದಲು ತಲೆ ಎಣಿಸಿ. "ಎಂಟೇ ಜನ" ಅನ್ನುವ ಅಂಗಡಿಗಳಲ್ಲಿ ನಾನು ಎಂಟು ಜನರನ್ನು ನೋಡಿದ್ದು ಕಮ್ಮಿ.

ನಿಯಮ ಹೀಗಿದೆ: ಅಂಗಡಿಯಲ್ಲಿ ಹತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ಇರಬೇಕು, ಇಲ್ಲವೇ ಹಿಂದಿನ ಹನ್ನೆರಡು ತಿಂಗಳಲ್ಲಿ ಯಾವುದಾದರೂ ಒಂದು ದಿನ ಇದ್ದಿರಬೇಕು. ಒಂದು ದಿನ ಸಾಕು. ಹಾಜರಿ ಪುಸ್ತಕದಲ್ಲಿ ಹೆಸರು ಇರೋರು ಮಾತ್ರ ಅಂತಲ್ಲ. ದಿನಗೂಲಿಯವರು, ಅರ್ಧ ದಿನ ಬರೋರು, ಎಲ್ಲರೂ ಲೆಕ್ಕಕ್ಕೆ.

ಈಗ ಹೇಳಿ. ಗೋಡೌನಿನಲ್ಲಿ ಯಾರಿದ್ದಾರೆ? ಕಸ ಗುಡಿಸೋರು ಯಾರು? ಹೋದ ದೀಪಾವಳಿಗೆ ಎಕ್ಸ್‌ಟ್ರಾ ಹುಡುಗರನ್ನು ಹಾಕಿಕೊಂಡಿದ್ದರಾ?

ಲೆಕ್ಕದಮ್ಮ
ಅಯ್ಯೋ. ಎಂಟು ಅಂದರೆ ಬ್ಯಾಂಕ್ ಖಾತೆಗೆ ಸಂಬಳ ಹೋಗೋರು. ಬೆಳಿಗ್ಗೆ ಒಂದು ಗಂಟೆ ಬಂದು ಗುಡಿಸಿ ಒರೆಸಿ ಹೋಗುವ ಅಜ್ಜಿಗೆ ಕೈಯಲ್ಲಿ ಕೊಡುತ್ತೇವೆ. ದೀಪಾವಳಿಗೆ ಇಬ್ಬರು ಹುಡುಗರು ಇಪ್ಪತ್ತು ದಿನ ಇದ್ದರು. ಅವರ ವೋಚರ್ ಬರೆದಿದ್ದು ನಾನೇ! ಸಹಿ ಹಾಕಿಸಿಕೊಂಡಿದ್ದೂ ನಾನೇ. ಫೈಲಿನಲ್ಲಿ ಇದೆ.

ಮತ್ತೆ ಫಾಲ್-ಪೀಕೋ ಹಾಕುವ ಅಕ್ಕ ಒಬ್ಬರಿದ್ದಾರೆ. ಅಂಗಡಿ ಜಗುಲಿಯಲ್ಲೇ ಕೂರುತ್ತಾರೆ, ಆದರೆ ಮಷೀನು ಅವರದೇ. ಸೀರೆಗೆ ಇಷ್ಟು ಅಂತ.

ಚಲನ್_ಮೂರ್ತಿ
8 + 1 + 2 = 11. ಫಾಲ್-ಪೀಕೋ ಅಕ್ಕನನ್ನು ಬಿಟ್ಟುಬಿಡಿ, ಅಲ್ಲಿ ವಾದ ಮಾಡಬಹುದು. ಅವರು ಇಲ್ಲದೆಯೂ ಹತ್ತು ದಾಟಿತು. ನಿಮ್ಮ ಅಂಗಡಿ ಕಾನೂನಿನೊಳಗೆ ಬರುತ್ತೆ.

ಹುಬ್ಬಳ್ಳಿ_ಅಂಗಡಿ
ನಾನು ಮಾಲೀಕ. ಹಾರ್ಡ್‌ವೇರ್ ಅಂಗಡಿ, ಹನ್ನೊಂದು ಜನ. ಬೈಯುವವರು ಬೈಯಿರಿ, ಆದರೆ ಒಂದು ಸಲ ನಮ್ಮ ಕಡೆಯಿಂದಲೂ ನೋಡಿರಿ. ಈ ತಂಗಿಗೆ ಕಾನೂನಿನ ಪ್ರಕಾರ 26 ವಾರ ಸಂಬಳದ ರಜೆ, ಅಂದರೆ 182 ದಿನ. ದಿನಕ್ಕೆ 583 ರೂಪಾಯಿ ಹಿಡಿದರೂ ಒಂದು ಲಕ್ಷ ಆರು ಸಾವಿರ ಆಯಿತು. ಅದರ ಮೇಲೆ ಆರು ತಿಂಗಳು ಬೇರೆಯವರನ್ನು ಇಟ್ಟುಕೊಂಡು ಅವರಿಗೂ ಸಂಬಳ. ದೊಡ್ಡ ಕಂಪನಿಗೆ ಇದು ಕಡಲೆಪುರಿ. ನಮಗೆ ಒಂದು ಸೀಸನ್ನಿನ ಲಾಭ. 2018ರಲ್ಲಿ ಏಳು ವಾರದ ಸಂಬಳ ಸರ್ಕಾರ ವಾಪಸ್ ಕೊಡುತ್ತೆ ಅಂತ ಸುದ್ದಿ ಬಂತು. ನನ್ನ ಗಲ್ಲಾಕ್ಕೆ ಇನ್ನೂ ಬಂದಿಲ್ಲ.

ಮಲ್ಲಿಗೆಮೊಗ್ಗು
@ಹುಬ್ಬಳ್ಳಿ_ಅಂಗಡಿ ಅಣ್ಣಾ, ಹಾಗಾದ್ರೆ ಹೆಣ್ಣುಮಕ್ಕಳನ್ನು ಕೆಲಸಕ್ಕೇ ತಗೋಬೇಡಿ ಅಂತೀರಾ?

ಹುಬ್ಬಳ್ಳಿ_ಅಂಗಡಿ
ನಾ ಹಾಗೆ ಅಂದೆನಾ? ನನ್ನ ಅಂಗಡಿಯಲ್ಲಿ ನಾಲ್ಕು ಜನ ಹೆಣ್ಣುಮಕ್ಕಳಿದ್ದಾರೆ. ಸ್ಟಾಕ್ ಲೆಕ್ಕ ಅವರ ಕೈಯಲ್ಲೇ ಇರೋದು, ಒಂದು ನಟ್ಟು ಆಚೀಚೆ ಆಗಲ್ಲ. ದುಡ್ಡು ಎಲ್ಲಿಂದ ಬರಬೇಕು ಅಂತ ಕೇಳಿದೆ ಅಷ್ಟೇ.

ಚಲನ್_ಮೂರ್ತಿ
ಇಎಸ್‌ಐಯಿಂದ ಬರಬೇಕು ಸರ್. ಅದಕ್ಕೇ ಇರೋದು ಅದು. ಹತ್ತು ಜನ ಆದರೆ ಇಎಸ್‌ಐ ಮಾಡಿಸಲೇಬೇಕು. 21,000ದವರೆಗೆ ಸಂಬಳ ಇರೋರು ಅದರೊಳಗೆ. ಮಾಲೀಕರ ಪಾಲು 3.25%, ಕೆಲಸದವರದು 0.75%. ಈ ಮೇಡಂ 17,500ಕ್ಕೆ ಮಾಲೀಕರು ತಿಂಗಳಿಗೆ 569 ಕಟ್ಟುತ್ತಾರೆ, ಇವರದ್ದು 132 ಹೋಗುತ್ತೆ. ಹೆರಿಗೆ ಬಂದಾಗ 26 ವಾರದ ಪೂರ್ತಿ ಸಂಬಳ ಇಎಸ್‌ಐನವರು ಖಾತೆಗೆ ಹಾಕುತ್ತಾರೆ. ಮಾಲೀಕರು ಒಂದು ರೂಪಾಯಿ ಕೊಡಬೇಕಾಗಿಲ್ಲ.

ತಿಂಗಳಿಗೆ ಐನೂರು ಉಳಿಸೋಕೆ ಹೋಗಿ ಲಕ್ಷ ಮೈಮೇಲೆ ಎಳೆದುಕೊಳ್ಳುವ ಅಂಗಡಿಗಳನ್ನು ನೋಡಿ ನೋಡಿ ಸಾಕಾಗಿದೆ.

ಹುಬ್ಬಳ್ಳಿ_ಅಂಗಡಿ
ನಂದು ಇಎಸ್‌ಐ ಇದೆ ರೀ. ಇದು ಮಾತ್ರ ನಮ್ಮ ಆಡಿಟರ್ ಇಷ್ಟು ವರ್ಷ ಬಿಡಿಸಿ ಹೇಳಿರಲಿಲ್ಲ. ನಾಳೆ ಕೇಳುತ್ತೇನೆ.

ಲೆಕ್ಕದಮ್ಮ
ನಮ್ಮಲ್ಲಿ ಇಎಸ್‌ಐ ಇಲ್ಲ. ಈಗ ಮಾಡಿಸಿದರೆ ನನಗೆ ಸಿಗುತ್ತಾ?

ಚಲನ್_ಮೂರ್ತಿ
ಇಲ್ಲೇ ಸಿಕ್ಕಿಹಾಕಿಕೊಳ್ಳೋದು. ಸ್ವಲ್ಪ ನಿಧಾನವಾಗಿ ಓದಿ.

ಇಎಸ್‌ಐಗೆ ವಂತಿಗೆ ಲೆಕ್ಕ ಹಾಕೋಕೆ ವರ್ಷದಲ್ಲಿ ಆರಾರು ತಿಂಗಳ ಎರಡು ಕಂತು: ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಲಾಭ ಸಿಗುವ ಅವಧಿ ಬೇರೆ: ಜನವರಿಯಿಂದ ಜೂನ್, ಜುಲೈನಿಂದ ಡಿಸೆಂಬರ್. ಫೆಬ್ರವರಿಯಲ್ಲಿ ಹೆರಿಗೆ ಅಂದರೆ ಸೆಪ್ಟೆಂಬರ್ 30ಕ್ಕೆ ಮುಗಿಯುವ ಕಂತು ಮತ್ತು ಅದರ ಹಿಂದಿನ ಕಂತು, ಎರಡೂ ಸೇರಿ ಕನಿಷ್ಠ 70 ದಿನದ ವಂತಿಗೆ ಇರಬೇಕು. ಈಗ ಆಗಸ್ಟ್ ಅರ್ಧ ಮುಗಿದಿದೆ. ಇವತ್ತೇ ನೋಂದಣಿ ಮಾಡಿಸಿದರೂ ಸೆಪ್ಟೆಂಬರ್ ಕೊನೆಗೆ ಸುಮಾರು 45 ದಿನ ಆಗುತ್ತೆ. ಸಾಲಲ್ಲ.

ಆದರೆ ಹತ್ತು ಜನ ಆಗಿದ್ದು ಹೋದ ದೀಪಾವಳಿಗೆ. ಅವತ್ತಿನಿಂದಲೇ ಕಟ್ಟಬೇಕಿತ್ತು. ಹಿಂದಿನದನ್ನು ಬಡ್ಡಿ ಸಮೇತ ಕಟ್ಟಿದರೆ ಬೇರೆ ಮಾತು. ಅದನ್ನು ಸಾಹುಕಾರ್ರು ಅವರ ಆಡಿಟರ್ ಜೊತೆ ಕೂತು ನೋಡಬೇಕು.

ಬನಶಂಕರಿ_ವಕೀಲೆ
ಮೂರ್ತಿಯವರ ಮಾತಿಗೆ ಒಂದು ಸೇರಿಸುತ್ತೇನೆ. ಇಎಸ್‌ಐನಲ್ಲಿ ಅರ್ಹತೆ ಬಂದಿಲ್ಲ ಅಂದರೆ ಹೆಂಗಸು ಬರಿಗೈಯಲ್ಲಿ ಹೋಗಬೇಕು ಅಂತ ಅರ್ಥ ಅಲ್ಲ. 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲೇ ಅದನ್ನು ಬರೆದಿದ್ದರು: ಅಲ್ಲಿ ಅರ್ಹತೆ ಬರುವವರೆಗೆ ಮಾಲೀಕರೇ ಕೊಡಬೇಕು. ಆ ಕಾಯ್ದೆಯ ಜಾಗಕ್ಕೆ 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. "ಕಾಯ್ದೆ ರದ್ದಾಯ್ತು, ರಜೆ ಇಲ್ಲ" ಅಂತ ಯಾರಾದರೂ ಹೇಳಿದರೆ ನಂಬಬೇಡಿ. 26 ವಾರ ಹಾಗೇ ಇದೆ, ಹತ್ತು ಜನದ ಲೆಕ್ಕ ಹಾಗೇ ಇದೆ, 80 ದಿನದ ಷರತ್ತೂ ಹಾಗೇ ಇದೆ. ಹೆರಿಗೆ ದಿನಾಂಕದ ಹಿಂದಿನ ಹನ್ನೆರಡು ತಿಂಗಳಲ್ಲಿ 80 ದಿನ ಕೆಲಸ ಮಾಡಿರಬೇಕು. ಐದು ವರ್ಷ ದುಡಿದವರಿಗೆ ಅದೇನೂ ಪ್ರಶ್ನೆಯೇ ಅಲ್ಲ.

ಬಸುರಿ ಅನ್ನೋ ಕಾರಣಕ್ಕೆ, ಅಥವಾ ಆ ರಜೆಯಲ್ಲಿದ್ದಾಗ, ಕೆಲಸದಿಂದ ತೆಗೆಯೋ ಹಾಗಿಲ್ಲ. ಆ ಸೀರೆ ಸೆಕ್ಷನ್ ಹುಡುಗಿಗೆ ಆಗಿದ್ದು ಅದೇ.

ಲೆಕ್ಕದಮ್ಮ
ಅವಳಿಗೆ ಹೆರಿಗೆ ಆದಮೇಲೆ ಒಂದು ಸಲ ಅಂಗಡಿಗೆ ಬಂದಿದ್ದಳು, ಮಗು ತೋರಿಸೋಕೆ. ಸಾಹುಕಾರ್ರು ಮಗು ಕೈಗೆ ಐನೂರರ ನೋಟು ಇಟ್ಟರು. ಅವಳು ಹೋದಮೇಲೆ ಆ ಐನೂರನ್ನು "ಇತರೆ ಖರ್ಚು" ಅಂತ ಟ್ಯಾಲಿಯಲ್ಲಿ ಹಾಕಿದ್ದು ನಾನೇ. ಆಗ ನನಗೂ ಏನೂ ಗೊತ್ತಿರಲಿಲ್ಲ.

ಎರಡುಮಕ್ಕಳಮ್ಮ
😔

ಕಾರ್ಕಳದವಳು
ನಮ್ಮ ಆಫೀಸಿನಲ್ಲಿ ನಿಜವಾಗಲೂ ಐದೇ ಜನ. ಹಬ್ಬಕ್ಕೂ ಐದೇ. ನಮ್ಮಂಥವರಿಗೆ ಏನು?

ಬನಶಂಕರಿ_ವಕೀಲೆ
@ಕಾರ್ಕಳದವಳು ನಿಜ ಹೇಳಬೇಕೆಂದರೆ, ಹೆರಿಗೆ ರಜೆಯ ಕಾನೂನು ನಿಮ್ಮ ಮಾಲೀಕರನ್ನು ಕಟ್ಟಿಹಾಕಲ್ಲ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಇದೆ. ಅದರಲ್ಲಿ 20 ದಿನ ದುಡಿದರೆ ಒಂದು ದಿನ ಗಳಿಕೆ ರಜೆ, ವರ್ಷಕ್ಕೆ 12 ದಿನ ಕಾಯಿಲೆ ರಜೆ. ಅದನ್ನೆಲ್ಲ ಖರ್ಚು ಮಾಡದೆ ಕೂಡಿಡಿ. ಉಳಿದದ್ದು ಮಾತುಕತೆ. ಏನೇ ಒಪ್ಪಿದರೂ ಕಾಗದದಲ್ಲಿ ಬರೆಸಿಕೊಳ್ಳಿ.

ಅಂಗನವಾಡಿ_ಟೀಚರ್
ಕಾರ್ಕಳದ ಅಕ್ಕ, ನಿಮ್ಮೂರಿನ ಅಂಗನವಾಡಿಗೆ ಹೋಗಿ. ಮಾತೃವಂದನಾ ಯೋಜನೆಯಲ್ಲಿ ಮೊದಲನೇ ಮಗುವಿಗೆ 5,000, ಎರಡು ಕಂತಿನಲ್ಲಿ ಬರುತ್ತೆ. ಎರಡನೇದು ಹೆಣ್ಣಾದರೆ 6,000. ತಾಯಿ ಕಾರ್ಡ್, ಆಧಾರ್, ಬ್ಯಾಂಕ್ ಪಾಸ್‌ಬುಕ್ ತನ್ನಿ. ಕಾನೂನಿನ ಪ್ರಕಾರ ಸಂಬಳದ ರಜೆ ಸಿಗೋರಿಗೆ ಇದು ಬರಲ್ಲ. ನಿಮಗೆ ಅದು ಇಲ್ಲ ಅಂತೀರಲ್ಲ, ಬಂದು ವಿಚಾರಿಸಿ. ಆಧಾರ್‌ನಲ್ಲಿ ಒಂದು ಹೆಸರು, ಪಾಸ್‌ಬುಕ್‌ನಲ್ಲಿ ಇನ್ನೊಂದು ಹೆಸರು ಇದ್ದರೆ ಈಗಲೇ ಸರಿ ಮಾಡಿಸಿಕೊಳ್ಳಿ. ಮದುವೆ ಆದಮೇಲೆ ಹೆಸರು ಬದಲಾಯಿಸಿದವರದ್ದು ಅರ್ಧಕ್ಕರ್ಧ ಅಲ್ಲೇ ನಿಲ್ಲುತ್ತೆ.

ಡಲ್ಲಾಸ್_ದೋಸೆ
ನಾನು ಅಮೆರಿಕದಲ್ಲಿ ಒಂದು ದಂತವೈದ್ಯರ ಕ್ಲಿನಿಕ್ಕಿನಲ್ಲಿ ಬಿಲ್ಲಿಂಗ್ ಮಾಡುತ್ತೇನೆ. ಹನ್ನೆರಡು ಜನ. ಇಲ್ಲಿ ಕೇಂದ್ರದ ಕಾನೂನಿನಲ್ಲಿ 50 ಜನ ಇದ್ದರೆ 12 ವಾರ ರಜೆ, ಅದೂ ಸಂಬಳ ಇಲ್ಲದೆ. ನಮ್ಮಂಥ ಚಿಕ್ಕ ಕ್ಲಿನಿಕ್ಕಿಗೆ ಅದೂ ಇಲ್ಲ. ನಾನು ಐದನೇ ವಾರಕ್ಕೆ ವಾಪಸ್ ಹೋದೆ. ಅಮ್ಮ ವೀಸಾ ಮಾಡಿಸಿಕೊಂಡು ಬರದೇ ಇದ್ದಿದ್ದರೆ ಏನಾಗುತ್ತಿತ್ತೋ. 26 ವಾರ ಅಂತ ಓದಿ ಹೊಟ್ಟೆ ಉರಿಯಿತು ನೋಡಿ.

ಸುಮ್ನೆ_ಓದುವವ
ಎಲ್ಲರೂ ಅಮೆರಿಕಕ್ಕೆ ಹೋಗಬೇಕು ಅಂತಾರೆ, ಹೆರೋಕೆ ಮಾತ್ರ ದಾವಣಗೆರೆ ಅನ್ನಿ 😄

ಮಂಡ್ಯ_ಸೊಸೆ
ಲೆಕ್ಕದಮ್ಮ, ರಜೆ ಯಾವತ್ತಿಂದ ತಗೋಬೇಕು ಅಂತಿದ್ದೀರಿ? ನಾನು ಎಂಟು ವಾರ ಮೊದಲೇ ತಗೊಂಡು ತಪ್ಪು ಮಾಡಿದೆ. ಮನೆಯಲ್ಲಿ ಕೂತು ಫ್ಯಾನ್ ನೋಡಿದ್ದೇ ಬಂತು. ಆಮೇಲೆ ಮಗುವಿಗೆ ನಾಲ್ಕು ತಿಂಗಳಾಗುವಷ್ಟರಲ್ಲಿ ರಜೆ ಖಾಲಿ.

ಲೆಕ್ಕದಮ್ಮ
ಅದೇ ಲೆಕ್ಕ ಹಾಕುತ್ತಿದ್ದೆ. ಎಂಟು ವಾರ ಮೊದಲು ಅಂದರೆ ಡಿಸೆಂಬರ್ 21ರಿಂದ ಜೂನ್ 20. ಜನವರಿ 18ಕ್ಕೆ ಶುರು ಮಾಡಿದರೆ ಜುಲೈ 18ರವರೆಗೆ. ಅಷ್ಟೊತ್ತಿಗೆ ಮಗುವಿಗೆ ಐದು ತಿಂಗಳು. ತವರಿನ ಐದು ತಿಂಗಳ ಬಾಣಂತನಕ್ಕೂ ಸರಿಹೋಗುತ್ತೆ. ಭಾನುವಾರಗಳನ್ನು ಬಿಟ್ಟು 26 ವಾರ ಎಣಿಸಬಹುದಾ?

ಬನಶಂಕರಿ_ವಕೀಲೆ
ಇಲ್ಲ, ಭಾನುವಾರವೂ ಸೇರಿ. 1977ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ತೀರ್ಮಾನ ಮಾಡಿದೆ. ಆದರೆ ಅದು ನಿಮಗೆ ಲಾಭವೇ. ವಾರಕ್ಕೆ ಏಳು ದಿನದ ದುಡ್ಡು ಬರುತ್ತೆ.

ಎರಡುಮಕ್ಕಳಮ್ಮ
ಒಂದು ಕಿವಿಮಾತು. ರಜೆಗೆ ಮೊದಲಿನ ಮೂರು ತಿಂಗಳು ಲಾಸ್ ಆಫ್ ಪೇ ಹಾಕಬೇಡಿ. ಆ ಮೂರು ತಿಂಗಳ ಸರಾಸರಿ ಮೇಲೇ ದುಡ್ಡು ಕೊಡೋದು, ಕಮ್ಮಿ ಆಗಿಬಿಡುತ್ತೆ.

ಬನಶಂಕರಿ_ವಕೀಲೆ
ಮೂರು ತಿಂಗಳ ಸರಾಸರಿ ಅನ್ನೋದು ಸರಿ. ಆದರೆ ಕೆಲಸ ಮಾಡಿದ ದಿನಗಳ ಸಂಬಳದ ಸರಾಸರಿ ಅದು. ವಾಂತಿ ಜಾಸ್ತಿ ಆಗಿ ನಾಲ್ಕು ದಿನ ಹೋಗದಿದ್ದರೆ ದಿನದ ದರ ಇಳಿಯಲ್ಲ. ಬಸುರಿಯನ್ನು ಹೆದರಿಸಬೇಡಿ ಮಾರಾಯ್ರೆ.

ಎರಡುಮಕ್ಕಳಮ್ಮ
ಹೌದಾ? ನಮ್ಮ ಎಚ್‌ಆರ್ ನನಗೆ ಹಾಗೇ ಹೇಳಿ ಜ್ವರದಲ್ಲೂ ಕರೆಸಿಕೊಂಡಿದ್ದರು! ಎಂಟು ವರ್ಷ ಆಯ್ತು, ಈಗ ಸಿಟ್ಟು ಬರುತ್ತಿದೆ.

ರೇಷ್ಮೆಗೂಡು
ನಾನೂ ಸೀರೆ ಅಂಗಡಿಯಲ್ಲೇ ಇದ್ದೆ, ಮೈಸೂರಿನಲ್ಲಿ. ಲೆಕ್ಕದವರಿಗೆ ಕುರ್ಚಿ ಇರುತ್ತೆ. ನಮಗೆ ಬೆಳಿಗ್ಗೆ ಹತ್ತರಿಂದ ರಾತ್ರಿ ಒಂಬತ್ತರವರೆಗೆ ನಿಂತೇ ಇರಬೇಕು. ಗಿರಾಕಿ ಇಲ್ಲದಾಗ ಸೀರೆ ಮಡಚಬೇಕು, ಅದನ್ನೂ ನಿಂತೇ. ಏಳನೇ ತಿಂಗಳಲ್ಲಿ ಕಾಲು ಊದಿ ಚಪ್ಪಲಿ ಹಿಡಿಸುತ್ತಿರಲಿಲ್ಲ. ಪೆಟ್ಟಿಗೆ ಮೇಲೆ ಕೂತರೆ "ಗಿರಾಕಿ ನೋಡಿದರೆ ಏನಂದುಕೊಳ್ತಾರೆ" ಅನ್ನೋರು. ಕೇರಳದಲ್ಲಿ 2018ರಲ್ಲಿ, ತಮಿಳುನಾಡಿನಲ್ಲಿ 2021ರಲ್ಲಿ ಅಂಗಡಿ ಕೆಲಸದವರಿಗೆ ಕೂರೋಕೆ ಜಾಗ ಕೊಡಬೇಕು ಅಂತ ಕಾನೂನು ಮಾಡಿದರು. ಕೂರೋಕೂ ಕಾನೂನು ಬೇಕಾ ಅಂತ ನಗೋರಿಗೆ ಹನ್ನೊಂದು ಗಂಟೆ ನಿಂತು ಗೊತ್ತಿಲ್ಲ.

ಬನಶಂಕರಿ_ವಕೀಲೆ
ಹೆರಿಗೆ ಕಾನೂನಿನಲ್ಲೂ ಇದಿದೆ ಅಕ್ಕ. ಹೆರಿಗೆಗೆ ಮೊದಲಿನ ಆರು ವಾರ, ಅದರ ಹಿಂದಿನ ಒಂದು ತಿಂಗಳು. ಆ ತಿಂಗಳಲ್ಲಿ ಬಸುರಿ ಕೇಳಿದರೆ ಭಾರದ ಕೆಲಸ, ಬಹಳ ಹೊತ್ತು ನಿಂತು ಮಾಡುವ ಕೆಲಸ ಕೊಡೋ ಹಾಗಿಲ್ಲ. ಕೇಳಬೇಕು ಅಷ್ಟೇ. ಕೇಳಬಹುದು ಅಂತ ಯಾರೂ ಹೇಳಿಕೊಟ್ಟಿರಲ್ಲ.

ಕುಂದಾಪ್ರ_ಭಟ್ರು
ಈಗ ತಿಂಗಳಿಗೊಂದು ಮುಟ್ಟಿನ ರಜೆಯೂ ಬಂತಲ್ಲ ಕರ್ನಾಟಕದಲ್ಲಿ. ಇನ್ನು ಅಂಗಡಿ ಬಾಗಿಲು ತೆಗೆಯೋದು ಯಾವಾಗ?

ಮಲ್ಲಿಗೆಮೊಗ್ಗು
@ಕುಂದಾಪ್ರ_ಭಟ್ರು ಕ್ರಿಕೆಟ್ ಫೈನಲ್ ದಿನ ಅರ್ಧ ಊರು ಬಾಗಿಲು ಹಾಕುತ್ತಲ್ಲ, ಆಮೇಲೆ ತೆಗೆಯುತ್ತೆ ಅಲ್ವಾ? ಹಾಗೇ.

ಕುಂದಾಪ್ರ_ಭಟ್ರು
ಸೋತೆ ಮಾರಾಯ್ತಿ.

ಓಟಿಪಿ_ಅಕ್ಕ
ಹೆಸರು ನೋಡಿದರೆ ಗೊತ್ತಾಗಬೇಕು ನನ್ನ ಕಥೆ 😄 ನಾನೂ ಒಂದು ಸಣ್ಣ ಆಫೀಸಿನ ಲೆಕ್ಕದವಳೇ.

ಹೆರಿಗೆ ಆಗಿ ಹನ್ನೆರಡನೇ ದಿನ. ಗದಗ ಹತ್ತಿರ ನನ್ನ ತವರು. ಬಚ್ಚಲಲ್ಲಿ ಕೂರಿಸಿದ್ದಾರೆ. ತಲೆ ತುಂಬ ಎಣ್ಣೆ, ಅಜ್ಜಿ ಹಂಡೆಯಿಂದ ಸುಡುಸುಡು ನೀರು ಬೆನ್ನಿಗೆ ಎರಚುತ್ತಿದ್ದಾಳೆ. ಹೊರಗೆ ಫೋನು ಹೊಡೆದುಕೊಳ್ಳುತ್ತಿದೆ. ಒಂದು ಸಲ ಅಲ್ಲ, ನಾಲ್ಕು ಸಲ. ತಮ್ಮ ಬಾಗಿಲ ಹೊರಗೆ ನಿಂತು "ಅಕ್ಕಾ, ನಿಮ್ಮ ಸರ್ರು. ಓಟಿಪಿ ಬಂತಾ ಅಂತ ಕೇಳ್ತಿದ್ದಾರೆ" ಅಂದ. ಅಜ್ಜಿ "ಯಾವನೋ ಅವ ಓಟಿಪಿ? ಬಾಣಂತಿ ನೀರು ಹಾಕ್ಕೊಳ್ಳೋ ಹೊತ್ತಿಗೆ ಬರೋನು?" ಅಂತ ಕೂಗಿದಳು. ಅವತ್ತು 20ನೇ ತಾರೀಖು. ಜಿಎಸ್‌ಟಿ ರಿಟರ್ನಿನ ಕೊನೇ ದಿನ. ನಂಬರ್ ನಂದೇ ಕೊಟ್ಟಿದ್ದು.

ಅದಕ್ಕೇ ಹೇಳೋದು, ಪಾಸ್‌ವರ್ಡ್ ಪುಸ್ತಕದಲ್ಲಿ ಬರೆದಿಟ್ಟರೆ ಸಾಲದು. ಜಿಎಸ್‌ಟಿ, ಬ್ಯಾಂಕು, ಇ-ವೇ ಬಿಲ್ಲು, ಎಲ್ಲೆಲ್ಲಿ ನಿಮ್ಮ ಮೊಬೈಲ್ ನಂಬರ್ ಇದೆಯೋ ಅಲ್ಲೆಲ್ಲ ಬದಲಾಯಿಸಿ. ಇವತ್ತೇ.

ಲೆಕ್ಕದಮ್ಮ
ಅಕ್ಕಾ!!! ಮೂರೂ ಕಡೆ ನಂದೇ ನಂಬರ್ ಇದೆ.

ಎರಡುಮಕ್ಕಳಮ್ಮ
ಸಣ್ಣ ಆಫೀಸಿನಲ್ಲಿ ಎಲ್ಲಾ ಕೆಲಸ ನಮ್ಮ ತಲೆಯಲ್ಲೇ ಇರುತ್ತೆ. ಅದು ನಮಗೆ ಹೆಮ್ಮೆ ಬೇರೆ. "ನಾನಿಲ್ಲದಿದ್ರೆ ನಡೆಯಲ್ಲ" ಅಂತ. ಬಾಣಂತನದಲ್ಲಿ ಆ ಹೆಮ್ಮೆಯೇ ಕುತ್ತಿಗೆಗೆ ಬರುತ್ತೆ.

ಸುಮ್ನೆ_ಓದುವವ
ಎಲ್ಲಾ ಬೇರೆಯವರಿಗೆ ಕಲಿಸಿಕೊಟ್ಟರೆ ವಾಪಸ್ ಯಾಕೆ ಕರೀತಾರೆ? ಒಂದೆರಡು ಗುಟ್ಟು ನಿಮ್ಮ ಹತ್ರಾನೇ ಇಟ್ಕೊಳ್ಳಿ.

ಓಟಿಪಿ_ಅಕ್ಕ
@ಸುಮ್ನೆ_ಓದುವವ ಗುಟ್ಟು ಇಟ್ಟುಕೊಂಡವರಿಗೇ ಬಚ್ಚಲಿಗೆ ಫೋನ್ ಬರೋದು ತಮ್ಮಾ.

ಬನಶಂಕರಿ_ವಕೀಲೆ
ಹೆರಿಗೆ ಆದ ದಿನದಿಂದ ಆರು ವಾರ ಕೆಲಸ ಮಾಡಿಸೋದೇ ಕಾನೂನಿಗೆ ವಿರುದ್ಧ. ನೀವು ಒಪ್ಪಿದರೂ ಮಾಡಿಸೋ ಹಾಗಿಲ್ಲ. ರಜೆ ಮುಗಿದ ಮೇಲೆ ಮನೆಯಿಂದ ಕೆಲಸ ಮಾಡೋದು ಬೇರೆ ಮಾತು. ಅದನ್ನು ಇಬ್ಬರೂ ಮಾತಾಡಿಕೊಂಡು ಮಾಡಿಕೊಳ್ಳಬಹುದು. ಟ್ಯಾಲಿ ಕೆಲಸಕ್ಕೆ ಅದು ಚೆನ್ನಾಗಿ ಒಗ್ಗುತ್ತೆ.

ಈಗ ನೀವು ಮಾಡಬೇಕಾದ್ದು: ಬಾಯಲ್ಲಿ ಹೇಳಿ, ಅದೇ ದಿನ ಒಂದು ಹಾಳೆಯಲ್ಲಿ ಬರೆದು ಕೊಡಿ. ಎಂದಿನಿಂದ ರಜೆ, ಹೆರಿಗೆ ಯಾವಾಗ, ದುಡ್ಡು ನನಗೆ ಅಥವಾ ಇಂಥವರಿಗೆ ಕೊಡಿ ಅಂತ. ಡಾಕ್ಟರ ಸರ್ಟಿಫಿಕೇಟಿನ ನಕಲು ಸೇರಿಸಿ. ಹೆರಿಗೆಗೆ ಮೊದಲಿನ ದಿನಗಳ ದುಡ್ಡನ್ನು ಮುಂಗಡವಾಗಿ ಕೊಡಬೇಕು, ಉಳಿದದ್ದನ್ನು ಹೆರಿಗೆಯ ಪುರಾವೆ ಕೊಟ್ಟ 48 ಗಂಟೆಯೊಳಗೆ. ಮಾಲೀಕರು ತಾವೇ ಆಸ್ಪತ್ರೆ ಖರ್ಚು ನೋಡಿಕೊಳ್ಳದಿದ್ದರೆ 3,500 ವೈದ್ಯಕೀಯ ಬೋನಸ್ಸೂ ಇದೆ. ಯಾರೂ ಕೇಳಲ್ಲ, ಹಾಗಾಗಿ ಯಾರೂ ಕೊಡಲ್ಲ.

ಹುಬ್ಬಳ್ಳಿ_ಅಂಗಡಿ
ಮಾಲೀಕನಾಗಿ ಒಂದು ಹೇಳಲಾ ತಂಗಿ? ಕಾನೂನಿನ ಹಾಳೆ ಹಿಡಿದುಕೊಂಡೇ ಒಳಗೆ ಹೋಗಬೇಡ. ಮೊದಲು ಸಿಹಿ ಸುದ್ದಿ ಅಂತ ಹೇಳು. ಆಮೇಲೆ "ಮಾರ್ಚ್‌ಗೆ ಹೀಗೆ ವ್ಯವಸ್ಥೆ ಮಾಡಿದ್ದೇನೆ" ಅಂತ ಹೇಳು. ನಮಗೆ ಮೊದಲು ಹೊಟ್ಟೆಯಲ್ಲಿ ಕಲಸೋದು ದುಡ್ಡಲ್ಲ, ಕೆಲಸ ಯಾರು ಮಾಡಬೇಕು ಅನ್ನೋದು. ಅದಕ್ಕೆ ಉತ್ತರ ಸಿಕ್ಕರೆ ದುಡ್ಡಿನ ಮಾತು ಅರ್ಧ ತಣ್ಣಗಾಗುತ್ತೆ.

ಬನಶಂಕರಿ_ವಕೀಲೆ
ಒಪ್ಪಿದೆ. ಹಾಳೆ ಪರ್ಸಿನಲ್ಲಿ ಇರಲಿ. ತೀರಾ ಒಪ್ಪದಿದ್ದರೆ ಜಿಲ್ಲೆಯ ಕಾರ್ಮಿಕ ಇಲಾಖೆ ಕಚೇರಿ ಇದೆ. ಬೆಂಗಳೂರಿನವರಾದರೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನ.

ಗದಗಿನ_ಗಂಗಮ್ಮ
ಎಲ್ಲಾ ಕಾನೂನೇ ಮಾತಾಡಿದಿರಿ. ಅಂಟಿನುಂಡಿಗೆ ಏನು ವ್ಯವಸ್ಥೆ? ಬಾಣಂತಿ ನಡ ಗಟ್ಟಿ ಆಗಬೇಕೆಂದರೆ ದಿನಕ್ಕೊಂದು ಅಂಟಿನುಂಡಿ ಬೇಕೇಬೇಕು.

ಮಂಡ್ಯ_ಸೊಸೆ
ನಮ್ಮ ಕಡೆ ಮೆಣಸಿನ ಸಾರು, ಬಾಣಂತಿ ಲೇಹ್ಯ. ಅಂಟಿನುಂಡಿ ಉಷ್ಣ ಅಂತಾರೆ ನಮ್ಮತ್ತೆ.

ಗದಗಿನ_ಗಂಗಮ್ಮ
ಉಷ್ಣ ಆಗಬೇಕು ಅಂತಲೇ ತಿನ್ನೋದು ತಂಗಿ.

ಚಲನ್_ಮೂರ್ತಿ
ಈ ಜಗಳಕ್ಕೆ ಬೇರೆ ಚರ್ಚೆ ತೆರೆಯಿರಿ ಅಮ್ಮಂದಿರೇ, ಇದು ಹೆರಿಗೆ ಮುಗಿದರೂ ಮುಗಿಯಲ್ಲ.

ಲೆಕ್ಕದಮ್ಮ
ಹತ್ತು ದಿನ ಆದಮೇಲೆ ಬರೆಯುತ್ತಿದ್ದೇನೆ. ಹೇಳಿದೆ!

ಸೋಮವಾರ ಬೆಳಿಗ್ಗೆ ಪೂಜೆ ಆದಮೇಲೆ, ಗಿರಾಕಿ ಬರುವ ಮೊದಲು. ಕೈ ನಡುಗುತ್ತಿತ್ತು. ಸಾಹುಕಾರ್ರು ಮೊದಲು ಖುಷಿಪಟ್ಟರು, ಹುಡುಗನನ್ನು ಕಳಿಸಿ ಬೆಣ್ಣೆ ಬಿಸ್ಕತ್ತು ತರಿಸಿದರು. ಆಮೇಲೆ ಕ್ಯಾಲೆಂಡರ್ ಕಡೆ ತಿರುಗಿ "ಮಾರ್ಚು?" ಅಂದರು. ಹುಬ್ಬಳ್ಳಿ ಅಣ್ಣ ಹೇಳಿದ ಹಾಗೇ ಆಯ್ತು. ಬಿಲ್ಲಿಂಗಿನ ಹುಡುಗಿಗೆ ಅಕ್ಟೋಬರ್‌ನಿಂದ ಟ್ಯಾಲಿ ಕಲಿಸುತ್ತೇನೆ, ರಿಟರ್ನನ್ನು ಐದು ತಿಂಗಳು ಆಡಿಟರ್ ಆಫೀಸಿನವರೇ ಹಾಕಲಿ ಅಂದೆ. ತಲೆ ಆಡಿಸಿದರು.

ದುಡ್ಡಿನ ಮಾತು ಬಂದಾಗ "ಅರ್ಧ ಸಂಬಳ ಕೊಡೋಣ ಬಿಡು" ಅಂದರು. ನಾನು ದೀಪಾವಳಿ ವೋಚರ್ ಎರಡು ಮುಂದಿಟ್ಟೆ. ಏನೂ ಹೇಳಲಿಲ್ಲ, ಸುಮ್ನೆ ಇಟ್ಟೆ. ಸ್ವಲ್ಪ ಹೊತ್ತು ನೋಡಿದರು. "ಇದ್ಯಾರು ಹೇಳಿಕೊಟ್ಟರು ನಿಂಗೆ?" ಅಂದರು. ಸಂಜೆ ಆಡಿಟರಿಗೆ ಫೋನ್ ಮಾಡಿದ್ದಾರೆ. ಆಡಿಟರು ಅರ್ಧ ಅನ್ನೋದೆಲ್ಲ ನಡೆಯಲ್ಲ, ಇಎಸ್‌ಐ ಹಳೇದೂ ಸೇರಿಸಿ ಸರಿ ಮಾಡಿಕೊಳ್ಳಿ ಅಂದರಂತೆ. ಈಗ "ದೀಪಾವಳಿ ಮುಗೀಲಿ, ಕಾಗದ ಮಾಡಿಕೊಡ್ತೀನಿ" ಅಂತಿದ್ದಾರೆ.

ಬನಶಂಕರಿ_ವಕೀಲೆ
ದೀಪಾವಳಿವರೆಗೆ ಬೇಡ. ನಿಮ್ಮ ಹಾಳೆಯನ್ನು ಈಗಲೇ ಕೊಡಿ, ಒಂದು ನಕಲಿಗೆ ಸಹಿ ಮತ್ತು ತಾರೀಖು ಹಾಕಿಸಿಕೊಳ್ಳಿ.

ಲೆಕ್ಕದಮ್ಮ
ಕೊಟ್ಟೆ ಮೇಡಂ. ಸಹಿ ಹಾಕಲು ಹಿಂದೆಮುಂದೆ ನೋಡಿದರು. ಹಾಗಾಗಿ ಅದರ ಫೋಟೋ ವಾಟ್ಸಾಪ್ ಮಾಡಿದೆ. ಹೆಬ್ಬೆಟ್ಟು ಎತ್ತಿದ ಚಿತ್ರ ಕಳಿಸಿದರು 👍

ಸುಮ್ನೆ_ಓದುವವ
ಹೆಬ್ಬೆಟ್ಟು ಒತ್ತಿದರೂ ಸಹಿ, ಎತ್ತಿದರೂ ಸಹಿ.

ಬನಶಂಕರಿ_ವಕೀಲೆ
ತಲುಪಿದೆ, ನೋಡಿದ್ದಾರೆ ಅನ್ನೋಕೆ ಅದು ಸಾಕು. ಒಪ್ಪಿದ್ದಾರೆ ಅನ್ನೋಕೆ ಸಾಲದು. ಆ ಚಾಟ್ ಅಳಿಸಬೇಡಿ. ಫೋನ್ ಬದಲಾಯಿಸುವ ಮೊದಲು ನನ್ನನ್ನು ನೆನಪಿಸಿಕೊಳ್ಳಿ.

ಕಾರ್ಕಳದವಳು
ನಾನೂ ಮಾತಾಡಿದೆ. ಐದು ಜನದ ಆಫೀಸು. ಮೂರು ತಿಂಗಳು ಪೂರ್ತಿ ಸಂಬಳ, ಆಮೇಲೆ ಎರಡು ತಿಂಗಳು ಮನೆಯಿಂದ ಅರ್ಧ ದಿನ ಕೆಲಸ, ಅರ್ಧ ಸಂಬಳ. ಇಮೇಲಿನಲ್ಲಿ ಬರೆದು ಕೊಟ್ಟಿದ್ದಾರೆ. ಕಾನೂನು ಇಲ್ಲದೆಯೂ ಇಷ್ಟು ಸಿಕ್ಕಿತು ಅಂತ ಖುಷಿಯಿದೆ.

ಓಟಿಪಿ_ಅಕ್ಕ
ತುಂಬಾ ಸಂತೋಷ! ಲೆಕ್ಕದಮ್ಮ, ನಂಬರ್ ಬದಲಾಯಿಸಿದೆಯಾ ಇಲ್ವಾ?

ಲೆಕ್ಕದಮ್ಮ
ನೀವು ಬರೆದ ಮಾರನೇ ದಿನವೇ ಬದಲಾಯಿಸಿದೆ ಅಕ್ಕ. ಈಗ ಎಲ್ಲಾ ಓಟಿಪಿ ಸಾಹುಕಾರ್ರ ಮಗನಿಗೆ ಹೋಗುತ್ತೆ. ನಿನ್ನೆ ರಾತ್ರಿ ಒಂಬತ್ತೂವರೆಗೆ ಅವನಿಂದ ಫೋನು. "ಅಕ್ಕಾ, ಏನೋ ಆರು ನಂಬರ್ ಬಂದಿದೆ, ಇದನ್ನ ಯಾರಿಗೆ ಹೇಳ್ಬೇಕು?"